ಕಪ್ಪೆಯ ಚರ್ಮಕ್ಕಂಟಿದ ಮಾರಿ

ಮಳೆಗಾಲದಲ್ಲಿ ಗೋವಾದಿಂದ ಬೆಳಗಾವಿ ಕಡೆಯ ಊರುಗಳಿಗೆ ಹೊರಟ ನಮ್ಮವರಲ್ಲಿ ಕೆಲವರು ಸಾವಂತವಾಡಿಯ ಮೇಲೆ ಹಾದು ಅಂಬೋಲಿ ಘಟ್ಟ ಹತ್ತುತ್ತಾರೆ. ಜಲಪಾತದ ಬಳಿ ಗಾಡಿ ನಿಲ್ಲಿಸಿ ಚಹಾ ಕುಡಿಯುತ್ತಾರೆ. ಮೇಲಿನ ಜಂಬಿಟ್ಟಿಗೆ ಕಲ್ಲಿನ ಬಯಲಲ್ಲಿ ಅಂಬೋಲಿ ನೆಲಗಪ್ಪೆ ಇದೆ. ಅಳಿವಿನ ಅಂಚಿಗೆ ಬಂದ ಈ ಜೀವಿಗೆ ಇಷ್ಟೇ ಚಿಕ್ಕ ನೆಲೆ. ಆ ದಾರಿಯಲ್ಲಿ ಹೋಗುವಾಗೆಲ್ಲ ನನಗೆ ಆಸ್ಟ್ರೇಲಿಯಾದ ಒಂದು ಕಪ್ಪೆ ನೆನಪಾಗುತ್ತದೆ.

ಆ ಕಪ್ಪೆ ತನ್ನ ಮೊಟ್ಟೆಗಳನ್ನು ನುಂಗಿ, ಹೊಟ್ಟೆಯಲ್ಲೇ ಮರಿಮಾಡಿ, ಬಾಯಿಂದ ಹೊರಬಿಡುತ್ತಿತ್ತು. 1980ರ ದಶಕದಲ್ಲಿ ಅದು ಕಾಣದಾಯಿತು. ಕ್ವೀನ್ಸ್‌ಲೆಂಡಿನ ತಂಪು ತೊರೆಗಳಲ್ಲಿ, ಮಧ್ಯ ಅಮೆರಿಕದ ಬೆಟ್ಟಗಳಲ್ಲಿ ಬೇರೆ ಕಪ್ಪೆಗಳೂ ಒಂದೊಂದಾಗಿ ಮರೆಯಾದವು. ಕಾಡು ಹಾಗೇ ಇತ್ತು, ನೀರೂ ಚೊಕ್ಕಟವಾಗಿತ್ತು. ಸತ್ತ ಕಪ್ಪೆಗಳ ಚರ್ಮದಲ್ಲಿ 1998ರಲ್ಲಿ ಕೈಟ್ರಿಡ್ ಎಂಬ ಶಿಲೀಂಧ್ರ ಸಿಕ್ಕಿತು. ಮರುವರ್ಷ ಅದಕ್ಕೆ ಹೆಸರಿಟ್ಟರು.

ಕಪ್ಪೆಗೆ ಚರ್ಮವೆಂದರೆ ಬರೀ ಹೊದಿಕೆಯಲ್ಲ. ಅದು ನೀರು ಕುಡಿಯುವುದು ಚರ್ಮದಿಂದಲೇ, ಉಸಿರಿನ ಒಂದು ಪಾಲೂ ಅಲ್ಲಿಂದಲೇ. ಶಿಲೀಂಧ್ರದ ಬೀಜಕಣಗಳು ನೀರಿನಲ್ಲಿ ಈಜಿ ಬಂದು ಚರ್ಮದ ಕೆರಾಟಿನ್ (ನಮ್ಮ ಉಗುರು, ಕೂದಲಲ್ಲಿರುವ ಗಟ್ಟಿ ಪ್ರೋಟೀನು) ಪದರದೊಳಗೆ ಬೆಳೆಯುತ್ತವೆ. ಆಗ ಚರ್ಮದ ಕೆಲಸ ಕೆಟ್ಟು, ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ ಲವಣಗಳು ಕುಸಿದು ಕೊನೆಗೆ ಹೃದಯ ನಿಲ್ಲುತ್ತದೆ. ಗೊದಮೊಟ್ಟೆಗೆ ಕೆರಾಟಿನ್ ಇರುವುದು ಬಾಯಿಯಲ್ಲಿ ಮಾತ್ರ, ಹಾಗಾಗಿ ಅದು ಸೋಂಕು ಹೊತ್ತೂ ಬದುಕಿ, ಕಾಲು ಮೂಡಿ ಕಪ್ಪೆಯಾದಮೇಲೆ ಸಾಯುತ್ತದೆ. ಎಳೆಯದನ್ನು ಉಳಿಸಿ ಬೆಳೆದದ್ದನ್ನು ಕೊಲ್ಲುವ ಈ ಕ್ರಮ ನನ್ನನ್ನು ಬಹಳ ಕಾಡಿದೆ.

ಈ ಶಿಲೀಂಧ್ರ ಜಗತ್ತು ಸುತ್ತಿದ್ದು ನಮ್ಮ ವ್ಯಾಪಾರದ ಬೆನ್ನೇರಿ ಎಂಬುದು ವಿಜ್ಞಾನಿಗಳ ಅಭಿಪ್ರಾಯ. ತಿನ್ನಲು, ಸಾಕಲು, ಪ್ರಯೋಗಕ್ಕೆ ಎಂದು ಜೀವಂತ ಕಪ್ಪೆಗಳು ಖಂಡ ದಾಟಿದವು. ಇದರ ಮೂಲ ಪೂರ್ವ ಏಷ್ಯಾ ಎಂದು 2018ರ ತಳಿ ಅಧ್ಯಯನ ತೋರಿಸಿತು. 2019ರ ಲೆಕ್ಕದಲ್ಲಿ ಈ ರೋಗದಿಂದ ಕುಸಿದ ಉಭಯವಾಸಿ ಪ್ರಭೇದಗಳು 501. ಅವುಗಳಲ್ಲಿ 90 ಅಳಿದಿರಬೇಕು.

ನಮ್ಮ ಘಟ್ಟ? ಪುಣೆಯ ವಿಜ್ಞಾನ ಸಂಸ್ಥೆ ಐಸರ್‌ನ ನೀಲೇಶ್ ದಹಾನುಕರ್ ಮತ್ತು ಸಂಗಡಿಗರು 2013ರಲ್ಲಿ ಉತ್ತರ ಸಹ್ಯಾದ್ರಿಯ ಕಪ್ಪೆಗಳಲ್ಲೂ ಈ ಸೋಂಕನ್ನು ಗುರುತಿಸಿದರು. ಅದು ಏಷ್ಯಾದ್ದೇ ತಳಿ. ಇಲ್ಲಿ ಆಸ್ಟ್ರೇಲಿಯಾದಂಥ ಸಾಮೂಹಿಕ ಸಾವು ಕಂಡಿಲ್ಲ. ಹಳೆಯ ಪರಿಚಯದ ತಳಿಯೊಂದಿಗೆ ನಮ್ಮ ಕಪ್ಪೆಗಳು ಹೊಂದಿಕೊಂಡಿರಬಹುದು. ಆದರೆ ಹೊರಗಿನ ಉಗ್ರ ತಳಿ ಬಂದರೆ ಈ ಹೊಂದಾಣಿಕೆ ಉಳಿಯುತ್ತದೆಂದು ನಾನು ನಂಬಿ ಕೂರಲಾರೆ. 28 ಡಿಗ್ರಿ ಮೀರಿದರೆ ಶಿಲೀಂಧ್ರ ಸೊರಗುತ್ತದೆ, ಕರಾವಳಿಯ ಸೆಕೆ ಅದಕ್ಕೆ ಆಗದು. ತಂಪಾದ ಘಟ್ಟದ ನೆತ್ತಿ ಅದಕ್ಕೆ ಹೇಳಿ ಮಾಡಿಸಿದ ಜಾಗ.

ಕಪ್ಪೆ ನೋಡಲು ರಾತ್ರಿ ಟಾರ್ಚ್ ಹಿಡಿದು ಹೋಗುವವರು ಒಂದು ಹಳ್ಳದ ಕೆಸರನ್ನು ಇನ್ನೊಂದಕ್ಕೆ ಒಯ್ಯದೆ ಬೂಟು ತೊಳೆದು ಪೂರ್ತಿ ಒಣಗಿಸಬೇಕು. ಒಣಗಿದರೆ ಈ ಶಿಲೀಂಧ್ರ ಸಾಯುತ್ತದೆ. ಜುಲೈಯ ಅಂಬೋಲಿಯಲ್ಲಿ ಮಾತ್ರ ಏನೂ ಒಣಗುವುದಿಲ್ಲ.