‘ಕು’ ಅಕ್ಷರಕ್ಕೆ ಕುಮುದ್ವತಿ ಅಂತ ಇಡಬಹುದಾ?

ಪ್ರಶ್ನೆ: ನಮ್ಮದು ಶಿಕಾರಿಪುರ ತಾಲ್ಲೂಕು. ಮಗಳು ಹುಟ್ಟಿದ್ದಾಳೆ. ಆರಿದ್ರಾ ನಕ್ಷತ್ರ, ಒಂದನೇ ಪಾದ, ‘ಕು’ ಅಕ್ಷರ ಬಂದಿದೆ. ನಮ್ಮ ಮಾವನವರು ಕುಮುದ್ವತಿ ಅಂತಲೇ ಇಡಬೇಕು ಅಂತಾರೆ. ಅದು ಹೊಳೆ ಹೆಸರಲ್ವಾ? ಅರ್ಥ ಏನು? ಈ ಹೆಸರಿನವರನ್ನು ನಾನು ಒಬ್ಬರನ್ನೂ ನೋಡಿಲ್ಲ. ಯಾಕೆ ಯಾರೂ ಇಡುವುದಿಲ್ಲ?

ಉತ್ತರ: ಹೊಳೆ ಹೆಸರು ಹೌದು. ಆದರೆ ಹೊಳೆಯದು ಮಾತ್ರ ಅಲ್ಲ. ಸೀತೆಯ ಸೊಸೆಯ ಹೆಸರೂ ಅದೇ. ಆ ಕಥೆಗೆ ಆಮೇಲೆ ಬರೋಣ.

ಮೊದಲು ಅರ್ಥ. ಕುಮುದ ಅಂದರೆ ಬಿಳಿ ನೈದಿಲೆ. ಕುಮುದ್ವತಿ ಅಂದರೆ ನೈದಿಲೆ ತುಂಬಿಕೊಂಡವಳು. ಮೊಬೈಲಿನಲ್ಲಿ ಸಿಗುವ ಮಕ್ಕಳ ಹೆಸರಿನ ಪಟ್ಟಿಗಳಲ್ಲಿ ಇದಕ್ಕೆ ಸುಮ್ನೆ ‘ತಾವರೆ’ ಅಂತ ಬರೆದುಬಿಡುತ್ತಾರೆ. ನಂಬಬೇಡಿ. ತಾವರೆ ಬೇರೆ, ನೈದಿಲೆ ಬೇರೆ. ತಾವರೆಯ ಎಲೆ ದುಂಡಗೆ, ನೀರಿನಿಂದ ಮೇಲಕ್ಕೆ ಎದ್ದು ನಿಲ್ಲುತ್ತದೆ. ನೈದಿಲೆಯ ಎಲೆಗೆ ದಂಟು ಸೇರುವ ಕಡೆ ಒಂದು ಸೀಳು ಇರುತ್ತದೆ, ಅದು ನೀರಿನ ಮೇಲೆ ಮಲಗಿರುತ್ತದೆ. ತಾವರೆ ಬೆಳಿಗ್ಗೆ ಅರಳುತ್ತದೆ. ಬಿಳಿ ನೈದಿಲೆ ಸಂಜೆ ಕತ್ತಲಾದ ಮೇಲೆ ಅರಳಿ, ಮರುದಿನ ಬಿಸಿಲೇರುವಷ್ಟರಲ್ಲಿ ಮುಚ್ಚಿಕೊಳ್ಳುತ್ತದೆ. ಅದಕ್ಕೇ ನಮ್ಮ ಹಳೆಯ ಕವಿಗಳು ಚಂದ್ರನನ್ನು ಕುಮುದಬಂಧು, ಕುಮುದಸಖ ಅಂತ ಕರೆದರು. ಮಗಳು ದೊಡ್ಡವಳಾಗಿ ‘ನನ್ನ ಹೆಸರಿಗೆ ಏನರ್ಥ’ ಅಂತ ಕೇಳಿದರೆ, ತೋರಿಸುವುದಕ್ಕೆ ಕೆರೆಯಲ್ಲಿ ಹೂವು ಇರುತ್ತದೆ. ಎಷ್ಟು ಹೆಸರುಗಳಿಗೆ ಹೀಗೆ ತೋರಿಸಲು ಆಗುತ್ತದೆ ಹೇಳಿ?

ಇನ್ನೊಂದು ಅನುಮಾನ ನಿಮಗೆ ಬರಬಹುದು. ಪದ್ಮಾವತಿ, ಲೀಲಾವತಿ ಅನ್ನುವ ಹಾಗೆ ಕುಮುದಾವತಿ ಆಗಬೇಕಿತ್ತಲ್ಲ? ಪಾಣಿನಿ ಇದಕ್ಕೆಂದೇ ಒಂದು ಸೂತ್ರ ಬರೆದಿದ್ದಾನೆ. ಕುಮುದ, ನಡ, ವೇತಸ ಎಂಬ ಮೂರು ಗಿಡಗಳ ಹೆಸರಿಗೆ ‘ಇರುವ’ ಎಂಬ ಅರ್ಥದ ಈ ‘ವತಿ’ ಪ್ರತ್ಯಯ ಸೇರಿದಾಗ ಕೊನೆಯ ‘ಅ’ ಬಿದ್ದುಹೋಗುತ್ತದೆ. ಆದ್ದರಿಂದ ಹಳೆಯ, ಸರಿಯಾದ ರೂಪ ಕುಮುದ್ವತಿ. ಮೂರೂ ನೀರಿನ ಪಕ್ಕದ ಗಿಡಗಳೇ ಅನ್ನುವುದು ಗಮನಿಸಬೇಕಾದ್ದು. ನೈದಿಲೆ ಇರುವ ಕೊಳ, ಜೊಂಡು ಬೆಳೆದ ಜಾಗ, ಬೆತ್ತ ಬೆಳೆದ ದಂಡೆ. ಜಾಗಗಳನ್ನು ಗುರುತಿಸಲು ಹುಟ್ಟಿದ ಮಾತುಗಳಿವು. ಹೆಣ್ಣುಮಕ್ಕಳಿಗೆ ಬಂದದ್ದು ಆಮೇಲೆ.

ಈಗ ಕಥೆ. ಕಾಳಿದಾಸನ ರಘುವಂಶದ 16ನೇ ಸರ್ಗದಲ್ಲಿ ಬರುತ್ತದೆ. ರಾಮನ ಮಗ ಕುಶ ಬೇಸಿಗೆಯಲ್ಲಿ ಸರಯೂ ನದಿಯಲ್ಲಿ ಜಲಕ್ರೀಡೆಗೆ ಇಳಿಯುತ್ತಾನೆ. ಅವನ ತೋಳಿನಲ್ಲಿ ಒಂದು ಆಭರಣ. ಅಗಸ್ತ್ಯರು ರಾಮನಿಗೆ ಕೊಟ್ಟದ್ದು, ರಾಮ ಮಗನಿಗೆ ಕೊಟ್ಟದ್ದು. ಆಟದ ಗದ್ದಲದಲ್ಲಿ ಅದು ಜಾರಿ ನೀರಿಗೆ ಬೀಳುತ್ತದೆ. ಬೆಸ್ತರು ಮುಳುಗಿ ಹುಡುಕಿದರೂ ಸಿಗುವುದಿಲ್ಲ. ಮಡುವಿನಲ್ಲಿರುವ ಕುಮುದ ಎಂಬ ನಾಗ ತೆಗೆದುಕೊಂಡಿರಬೇಕು ಅನ್ನುತ್ತಾರೆ. ಕುಶ ಸಿಟ್ಟಿನಿಂದ ಗರುಡಾಸ್ತ್ರ ಹೂಡುತ್ತಾನೆ. ನಾಗ ಹೆದರಿ ಮೇಲೆ ಬರುತ್ತಾನೆ, ಜೊತೆಗೆ ತಂಗಿ ಕುಮುದ್ವತಿ. ಆಗಿದ್ದಿಷ್ಟು: ಅವಳು ನೀರಿನಡಿ ಚೆಂಡಾಡುತ್ತಿದ್ದಳು. ಹೊಡೆದ ಚೆಂಡು ಮೇಲಕ್ಕೆ ಹಾರಿತು. ಕತ್ತೆತ್ತಿ ನೋಡಿದರೆ ಮೇಲಿನಿಂದ ಏನೋ ಹೊಳೆಯುತ್ತಾ ಬೀಳುತ್ತಿದೆ. ಕುತೂಹಲಕ್ಕೆ ಹಿಡಿದುಕೊಂಡಳು, ಅಷ್ಟೇ. ಕೊನೆಗೆ ಕುಶ ಅವಳನ್ನೇ ಮದುವೆಯಾಗುತ್ತಾನೆ. ಅವರ ಮಗ ಅತಿಥಿ. ರಾಮನ ವಂಶ ಮುಂದುವರಿದದ್ದು ಅವನಿಂದಲೇ. ನನಗಂತೂ ಪುರಾಣದ ಎಷ್ಟೋ ರಾಣಿಯರಿಗಿಂತ ಈ ಚೆಂಡಾಡುವ ಹುಡುಗಿ ಜಾಸ್ತಿ ಇಷ್ಟ.

ಸಂಗೀತದಲ್ಲೂ ಈ ಹೆಸರು ಇದೆ. ಶ್ರುತಿ ಅಂದರೆ ಸ್ವರಗಳ ನಡುವಿನ ಸೂಕ್ಷ್ಮ ಅಂತರ. ಅಂಥ 22 ಶ್ರುತಿಗಳ ಪಟ್ಟಿಯಲ್ಲಿ ಷಡ್ಜಕ್ಕೆ, ಅಂದರೆ ‘ಸ’ ಸ್ವರಕ್ಕೆ, ನಾಲ್ಕು: ತೀವ್ರಾ, ಕುಮುದ್ವತಿ, ಮಂದಾ, ಛಂದೋವತಿ.

ಇನ್ನು ನಿಮ್ಮ ಹೊಳೆ. ಹೊಸನಗರ ತಾಲ್ಲೂಕಿನ ಹುಂಚದ ಹತ್ತಿರ ಬಿಲ್ಲೇಶ್ವರದಲ್ಲಿ ಹುಟ್ಟಿ, ಶಿಕಾರಿಪುರದ ಕಡೆ ಬಂದು, ಅಂಜನಾಪುರ ಜಲಾಶಯ ತುಂಬಿಸಿ, ಮದಗ ಮಾಸೂರು ಕೆರೆಗೂ ನೀರು ಕೊಟ್ಟು, ಹಾವೇರಿ ಜಿಲ್ಲೆಯಲ್ಲಿ ಹರಿದು ತುಂಗಭದ್ರೆಯನ್ನು ಸೇರುತ್ತದೆ. ಬೆಂಗಳೂರಿನ ಪೇಪರಿನಲ್ಲಿ ಕುಮುದ್ವತಿ ನದಿ ಪುನಶ್ಚೇತನ ಅಂತ ಓದಿದ್ದರೆ ಅದು ಬೇರೆ ಹೊಳೆ. ಶಿವಗಂಗೆ ಬೆಟ್ಟದಲ್ಲಿ ಹುಟ್ಟಿ ಅರ್ಕಾವತಿಗೆ ಸೇರುವಂಥದ್ದು. ಹೆಸರು ಮಾತ್ರ ಒಂದೇ.

ಹೊಳೆ ಹೆಸರು ಹೆಣ್ಣುಮಕ್ಕಳಿಗೆ ಇಡಬಾರದು ಅಂತ ಮನೆಯಲ್ಲಿ ಯಾರಾದರೂ ತಕರಾರು ತೆಗೆಯಬಹುದು. ಆ ಮಾತಿನ ಮೂಲ ಮನುಸ್ಮೃತಿ. ಮೂರನೇ ಅಧ್ಯಾಯದಲ್ಲಿ, ನಕ್ಷತ್ರ, ಮರ, ನದಿ, ಬೆಟ್ಟ, ಹಕ್ಕಿ, ಹಾವು ಇವುಗಳ ಹೆಸರಿರುವ ಹುಡುಗಿಯನ್ನು ಮದುವೆಯಾಗಬೇಡ ಎಂದಿದೆ. ಜನ ಇದನ್ನು ಕಿವಿಗೆ ಹಾಕಿಕೊಂಡಿದ್ದರೆ ನಮ್ಮ ಗಂಗಮ್ಮ, ತುಂಗಮ್ಮ, ಕಾವೇರಮ್ಮ, ರೋಹಿಣಿ, ರೇವತಿ, ತುಳಸಿ ಯಾರಿಗೂ ಮದುವೆ ಆಗುತ್ತಿರಲಿಲ್ಲ. ತುಂಗಾ, ಭದ್ರಾ, ವರದಾ, ಶರಾವತಿ ಹರಿಯುವ ಜಿಲ್ಲೆಯಲ್ಲಿ ಕೂತು ಈ ನಿಯಮ ಹೇಳುವುದೇ ತಮಾಷೆ.

ಹಾಗಾದರೆ ಯಾಕೆ ಅಪರೂಪ? ಉತ್ತರ ಹೊಳೆ ಹುಟ್ಟುವ ಜಾಗದಲ್ಲೇ ಇದೆ ಅಂತ ನನಗನಿಸುತ್ತದೆ. ಹುಂಚ ಅಂದಕೂಡಲೇ ಜನಕ್ಕೆ ನೆನಪಾಗುವುದು ಪದ್ಮಾವತಿ ಅಮ್ಮನವರು. ಜೈನ ತೀರ್ಥಂಕರ ಪಾರ್ಶ್ವನಾಥರ ಯಕ್ಷಿ, ಅಂದರೆ ಕಾವಲು ದೇವತೆ; ಹುಂಚದಿಂದ ಆಳಿದ ಸಾಂತರ ಅರಸರ ಕುಲದೇವತೆ. ತಿರುಪತಿಯ ಕಡೆಯಿಂದಲೂ ಒಬ್ಬ ಪದ್ಮಾವತಿ ಇದ್ದಾಳೆ, ತಿರುಚಾನೂರಿನಲ್ಲಿರುವ ವೆಂಕಟೇಶ್ವರನ ಪತ್ನಿ. ಹೀಗೆ ತಾವರೆಯ ಹೆಸರಿಗೆ ಎರಡು ಕಡೆಯಿಂದ ದೇವಿಯ ಬಲ ಸಿಕ್ಕಿತು. ಹರಕೆ ಹೊತ್ತು ಹುಟ್ಟಿದ ಮಗಳಿಗೆ ಪದ್ಮಾವತಿ ಅಂತ ಇಟ್ಟರು, ಅವಳ ಮೊಮ್ಮಗಳಿಗೆ ಅಜ್ಜಿ ಹೆಸರು ಅಂತ ಮತ್ತೆ ಇಟ್ಟರು. ಅದೇ ಊರಿನ ನೈದಿಲೆಯ ಹೆಸರಿಗೆ ಗುಡಿ ಇಲ್ಲ, ಹರಕೆ ಇಲ್ಲ. ನಿಮ್ಮ ತಾಲ್ಲೂಕಿನ ಉಡುತಡಿಯಿಂದ ಹೊರಟ ‘ಮಹಾದೇವಿ’ ಎಂಬ ಹೆಸರು ಎಲ್ಲೆಲ್ಲಿ ಹೋಯಿತು ನೋಡಿ. ಅಲ್ಲೂ ಹೆಸರಿನ ಹಿಂದೆ ಅಕ್ಕ ಇದ್ದಳು. ಕುಮುದ್ವತಿಗೆ ಇದ್ದದ್ದು ಒಂದು ಹೊಳೆ, ಸಂಸ್ಕೃತ ಓದಿದವರಿಗೆ ಮಾತ್ರ ಗೊತ್ತಿದ್ದ ಒಂದು ಕಥೆ.

ಉಚ್ಚಾರಣೆಯೂ ಒಂದು ಕಾರಣ. ‘ದ್ವ’ ಒತ್ತು ನಾಲಿಗೆಗೆ ಸ್ವಲ್ಪ ತೊಡಕು. ಅದೇ ಹೂವಿನಿಂದ ಕುಮುದಾ, ಕುಮುದಿನಿ ಎಂಬ ಸಲೀಸಾದ ಹೆಸರುಗಳು ಇದ್ದವು, ಜನ ಅವನ್ನು ಹಿಡಿದರು. ಈಗ ಆ ಹೆಸರುಗಳೂ ಹಳೆಯದಾದವು. ‘ವತಿ’ ‘ಮತಿ’ ಅಂತ ಕೊನೆಯಾಗುವ ಹೆಸರುಗಳಂತೂ ಅಜ್ಜಿಯರ ಕಾಲಕ್ಕೇ ನಿಂತಿವೆ. ಕರ್ನಾಟಕದಲ್ಲಿ ಎಷ್ಟು ಕುಮುದ್ವತಿಯರಿದ್ದಾರೆ ಅಂತ ಅಂಕೆ ಕೊಡುವ ವೆಬ್‌ಸೈಟುಗಳನ್ನು ಲೆಕ್ಕಕ್ಕೆ ಇಡಬೇಡಿ. ಅಮೆರಿಕದಲ್ಲಿ ಸರ್ಕಾರವೇ ಪ್ರತಿ ವರ್ಷ ಮಕ್ಕಳ ಹೆಸರಿನ ಪಟ್ಟಿ ಪ್ರಕಟಿಸುತ್ತದೆ. ನಮ್ಮಲ್ಲಿ ಆ ಪದ್ಧತಿ ಇಲ್ಲ.

‘ಕು’ ಅಕ್ಷರದ ಬಗ್ಗೆ ಒಂದು ಮಾತು. ಆರಿದ್ರಾ ನಕ್ಷತ್ರದ ನಾಲ್ಕು ಪಾದಕ್ಕೆ ಕು, ಘ, ಙ, ಛ. ನಿಮ್ಮ ಮಗು ಇನ್ನೊಂದು ಪಾದಕ್ಕೆ ಹುಟ್ಟಿದ್ದರೆ ‘ಙ’ಗೆ ಹೆಸರು ಹುಡುಕಬೇಕಿತ್ತು! ಬಚಾವಾದಿರಿ ಅಂದುಕೊಳ್ಳಿ.

ನನ್ನನ್ನು ಕೇಳಿದರೆ ಇಡಿ ಅಂತೀನಿ. ಮನೆಯಲ್ಲಿ ಕರೆಯಲು ಕುಮುದಾ ಇದೆ, ಕುಮ್ಮಿ ಇದೆ. ಕಾಗುಣಿತ ಮಾತ್ರ ಮೊದಲೇ ತೀರ್ಮಾನ ಮಾಡಿ. ಶಿಕಾರಿಪುರದ ಕಾಲೇಜಿನ ಬೋರ್ಡಿನಿಂದ ಹಿಡಿದು ಎಷ್ಟೋ ಕಡೆ ‘ಕುಮದ್ವತಿ’ ಎಂಬ ರೂಪ ರೂಢಿಯಲ್ಲಿದೆ. ಮಗಳಿಗೆ ‘ಮು’ ಇರುವ ಕುಮುದ್ವತಿಯೇ ಇರಲಿ. ಇಂಗ್ಲಿಷಿನಲ್ಲಿ ಕೊನೆಗೆ ಬರೀ ಟಿ ಹಾಕುತ್ತೀರೋ, ಟಿ ಎಚ್ ಹಾಕುತ್ತೀರೋ ಅದನ್ನೂ ಈಗಲೇ ಗೊತ್ತುಮಾಡಿ. ಜನನ ನೋಂದಣಿ 21 ದಿನದೊಳಗೆ ಆಗಬೇಕು, ಆದರೆ ಆಗಲೇ ಹೆಸರು ಕೊಡಬೇಕೆಂದೇನೂ ಇಲ್ಲ. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಮಾವನವರ ಜೊತೆ ಚರ್ಚೆ ಮಾಡಲು ಟೈಮ್ ಇದೆ.