ಕ್ರ್ಯಾಂಕ್ ಟೈಟಾಗಿದ್ದರೆ ಓಡ್ತಾ ಓಡ್ತಾ ಸರಿಹೋಗುತ್ತಾ?

ಪ್ರಶ್ನೆ: ನಮ್ಮ ತೋಟದಲ್ಲಿ ಅಜ್ಜನ ಕಾಲದ ವಿಲ್ಲಿಸ್ ಜೀಪ್ ಇದೆ. ಇಂಜಿನ್ ಬಿಚ್ಚಿ, ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಂಡ) ಗ್ರೈಂಡ್ ಮಾಡಿಸಿ, ಹೊಸ ಬೇರಿಂಗ್ ಹಾಕಿಸಿದೆವು. ಈಗ ಉದ್ದನೆ ಸ್ಪಾನರ್ ಹಾಕಿ ಜೋರಾಗಿ ಎಳೆದರೆ ಮಾತ್ರ ಕ್ರ್ಯಾಂಕ್ ತಿರುಗುತ್ತೆ. "ಹೊಸದಲ್ವಾ, ಸಾವಿರ ಕಿಲೋಮೀಟರ್ ಓಡಲಿ, ಫ್ರೀ ಆಗುತ್ತೆ" ಅಂತಾರೆ. ನಂಬಬಹುದಾ?
– ಆಲ್ದೂರು ಕಡೆಯ ಓದುಗರೊಬ್ಬರು

ನಂಬಬೇಡಿ. ಎಲ್ಲಿ ಟೈಟು ಅಂತ ಗೊತ್ತಾಗೋವರೆಗೆ ಸ್ಟಾರ್ಟ್ ಮಾಡಲೂ ಬೇಡಿ.

ಚಿಕ್ಕಮಗಳೂರು ಸುತ್ತಮುತ್ತ ಕಾಫಿ ಕೊಯ್ಲಿಗೆ ಮುಂಚೆ ಜೀಪ್ ರಿಪೇರಿ ಶುರುವಾದರೆ ಈ ಪ್ರಶ್ನೆ ಬಂದೇ ಬರುತ್ತೆ. ಟೈಟ್ ಅಂದರೆ ಗಟ್ಟಿ, ಬಾಳಿಕೆ ಜಾಸ್ತಿ ಅನ್ನೋ ನಂಬಿಕೆ ಅದರ ಹಿಂದೆ ಇದೆ. ಬೋಲ್ಟಿಗೆ ಆ ಮಾತು ಸರಿ. ಬೇರಿಂಗಿಗೆ ಅಲ್ಲ.

ಓಡುವ ಇಂಜಿನ್ನಿನಲ್ಲಿ ಕ್ರ್ಯಾಂಕಿನ ಜರ್ನಲ್ಲು, ಅಂದರೆ ಬೇರಿಂಗಿನೊಳಗೆ ತಿರುಗುವ ನುಣುಪಾದ ದುಂಡು ಭಾಗ, ಬೇರಿಂಗನ್ನು ಮುಟ್ಟಲೇಬಾರದು. ನಡುವೆ ಎಣ್ಣೆ ಇರಬೇಕು. ತಿರುಗುವ ಜರ್ನಲ್ಲು ಎಣ್ಣೆಯನ್ನು ತನ್ನ ಜೊತೆ ಎಳೆದುಕೊಂಡು ಇಕ್ಕಟ್ಟಿನ ಜಾಗಕ್ಕೆ ಬೆಣೆಯ ಹಾಗೆ ನುಗ್ಗಿಸುತ್ತೆ. ಭಾರ ಹೊರುವುದು ಆ ಬೆಣೆಯೇ. 1883ರಲ್ಲಿ ಇಂಗ್ಲೆಂಡಿನಲ್ಲಿ ಟವರ್ ಎಂಬ ಇಂಜಿನಿಯರ್ ರೈಲು ಗಾಡಿಯ ಬೇರಿಂಗನ್ನು ಪರೀಕ್ಷೆ ಮಾಡುತ್ತಿದ್ದರು. ಎಣ್ಣೆ ಬಿಡಲು ಮೇಲೆ ತೂತು ಕೊರೆದರೆ ಅಲ್ಲಿಂದ ಎಣ್ಣೆ ಉಕ್ಕಿ ಬಂತು. ಮರದ ಬಿರಡೆ ಜಡಿದರೆ ಅದನ್ನೂ ಎಣ್ಣೆ ಆಚೆ ತಳ್ಳಿತು. ಅಷ್ಟು ಶಕ್ತಿ ಅದಕ್ಕೆ. ಆದರೆ ನಿಲ್ಲಲು ಜಾಗ ಬೇಕಲ್ವಾ?

ಆ ಜಾಗಕ್ಕೆ ಕ್ಲಿಯರೆನ್ಸ್ ಅಂತೀವಿ. ವರ್ಕ್‌ಶಾಪಿನ ಕೈಲೆಕ್ಕ ಹೀಗೆ: ಜರ್ನಲ್ಲಿನ ಅಡ್ಡಗಲ ಒಂದು ಇಂಚಿದ್ದರೆ ಒಂದು ಥೌ. ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು, ಸುಮಾರು 0.025 ಮಿಲಿಮೀಟರ್. ನಿಮ್ಮ 2.2 ಲೀಟರ್ ಇಂಜಿನ್ನಿನಲ್ಲಿ ಕ್ರ್ಯಾಂಕನ್ನು ಬ್ಲಾಕಿನಲ್ಲಿ ಹೊರುವ ಮೇನ್ ಜರ್ನಲ್ಲು ಸುಮಾರು 2.33 ಇಂಚು. ಹಾಗಾಗಿ ಎರಡು ಥೌ ಆಸುಪಾಸು ಇರಬೇಕು. ಹೆಚ್ಚುಕಮ್ಮಿ ಒಂದು ತಲೆಕೂದಲಿನ ದಪ್ಪ, ಅದೂ ಎರಡೂ ಬದಿ ಸೇರಿ.

ಇದು ಅರ್ಧ ಥೌಗೆ ಇಳಿದರೆ ಏನಾಗುತ್ತೆ? ಎಣ್ಣೆ ಹರಿಯುವುದು ಕಡಿಮೆಯಾಗುತ್ತೆ. ಎಣ್ಣೆ ಸುಮ್ನೆ ಜಾರಿಸುವುದಷ್ಟೇ ಅಲ್ಲ, ಬಿಸಿಯನ್ನೂ ಹೊತ್ತುಕೊಂಡು ಹೋಗುತ್ತೆ. ಮುಳ್ಳಯ್ಯನಗಿರಿಗೋ ಚಾರ್ಮಾಡಿಗೋ ಜನ ತುಂಬಿಕೊಂಡು ಹತ್ತುವಾಗ ಇಂಜಿನ್ ಮೇಲೆ ಭಾರ ಜಾಸ್ತಿ, ಎಣ್ಣೆ ಕಾದು ನೀರಾಗಿರುತ್ತೆ. ಟೈಟ್ ಬೇರಿಂಗ್ ಕೈಕೊಡುವುದು ಇಂಥ ಏರಿನಲ್ಲೇ. ಪೇಟೆ ರಸ್ತೆಯಲ್ಲಿ ಒಂದು ತಿಂಗಳು ಚೆನ್ನಾಗಿ ಓಡಿತು ಅಂತ ಧೈರ್ಯ ತಂದುಕೊಳ್ಳಬೇಡಿ.

"ಓಡ್ತಾ ಫ್ರೀ ಆಗುತ್ತೆ" ಅನ್ನೋದು ಪೂರ್ತಿ ಸುಳ್ಳೂ ಅಲ್ಲ. 1927ರಿಂದ 31ರವರೆಗೆ ಬಂದ ಫೋರ್ಡ್ ಮಾಡೆಲ್ ಎ ಥರದ ಇಂಜಿನ್ನುಗಳಲ್ಲಿ ಬ್ಯಾಬಿಟ್ ಲೋಹವನ್ನು ಕರಗಿಸಿ ಹುಯ್ಯುತ್ತಿದ್ದರು. ತವರ ಜಾಸ್ತಿ ಇರುವ ಮೆತ್ತನೆ ಲೋಹ ಅದು. ಕೈಯಲ್ಲಿ ಹೆರೆದು ಕೂರಿಸುತ್ತಿದ್ದರು. ಆ ಕಾಲದ ಕೈಗಳಿಗೆ ಈ ಮಾತು ಹೊಂದುತ್ತಿತ್ತು. ಈಗ ನಾವು ಹಾಕುವುದು ತೆಳು ಶೆಲ್, ಅಂದರೆ ಅರ್ಧ ಬಳೆಯಂಥ ರೆಡಿಮೇಡ್ ಬೇರಿಂಗ್ ತಗಡು. ತುಂಬಾ ಶೆಲ್ಲುಗಳಲ್ಲಿ ಮೇಲಿನ ಮೆತ್ತನೆ ಲೇಪ ಒಂದು ಥೌಗಿಂತ ದಪ್ಪ ಇರುವುದಿಲ್ಲ. ಅದು ಸವೆದೇ ಫ್ರೀ ಆಗಬೇಕು ಅಂದರೆ, ಫ್ರೀ ಆಗುವಷ್ಟರಲ್ಲಿ ಬೇರಿಂಗ್ ಮುಗಿದಿರುತ್ತೆ.

ಹಾಗಂತ ಎಲ್ಲ ಬಿಗಿತವೂ ಬೇರಿಂಗಿನದಲ್ಲ. ಹೊಸ ಪಿಸ್ಟನ್ ರಿಂಗ್ ಹಿಡಿಯುತ್ತೆ. ಹಿಂದಿನ ಮೇನ್ ಬೇರಿಂಗಿನ ಹತ್ತಿರ ಹಗ್ಗದ ಪ್ಯಾಕಿಂಗ್ ಹಾಕಿದ್ದರೆ ಅದೂ ಚೆನ್ನಾಗಿಯೇ ಹಿಡಿಯುತ್ತೆ. ಅದರಿಂದ ತೊಂದರೆ ಇಲ್ಲ. ಮೊದಲು ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ ತಿರುಗಿಸಿ ನೋಡಿ. ಆಮೇಲೆ ಸಂಪ್ (ಇಂಜಿನ್ ತಳದ ಎಣ್ಣೆ ತಟ್ಟೆ) ಇಳಿಸಿ, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಕ್ಯಾಪನ್ನು, ಅಂದರೆ ಬೇರಿಂಗನ್ನು ಬೋಲ್ಟಿನಿಂದ ಹಿಡಿದಿಡುವ ಮುಚ್ಚಳವನ್ನು, ಒಂದೊಂದಾಗಿ ಸಡಿಲಿಸಿ ತಿರುಗಿಸಿ. ನಂತರ ಮೇನ್ ಕ್ಯಾಪ್. ನಿಮ್ಮ ಇಂಜಿನ್ನಿನಲ್ಲಿ ಮೇನ್ ಮೂರೇ. ಯಾವ ಕ್ಯಾಪ್ ಸಡಿಲಿಸಿದಾಗ ಕ್ರ್ಯಾಂಕ್ ಹಗುರಾಯಿತೋ, ತಪ್ಪು ಅಲ್ಲೇ ಇದೆ.

ನಮ್ಮ ಜೀಪಿನಲ್ಲಿ ನಡುವಿನ ಕ್ಯಾಪ್ ಹೀಗೆ ಸಿಕ್ಕಿತು. ಶೆಲ್ ತೆಗೆದು ಕಿಟಕಿ ಬೆಳಕಿಗೆ ಹಿಡಿದೆ. ಬೂದು ಮೈಮೇಲೆ ಕಡಲೆಬೇಳೆಯಷ್ಟು ಜಾಗ ಮಾತ್ರ ಫಳಫಳ ಹೊಳೆಯುತ್ತಿತ್ತು. ತಿರುಗಿಸಿ ಬೆನ್ನು ನೋಡಿದರೆ, ಸರಿಯಾಗಿ ಅದೇ ಜಾಗದಲ್ಲಿ ಕಣ್ಣಿಗೂ ಕಾಣದಂಥ ಕಬ್ಬಿಣದ ಚೂರು ಅಂಟಿಕೊಂಡಿತ್ತು. ಉಗುರಿಗೆ ತಾಗಿದಾಗಲೇ ಗೊತ್ತಾಗಿದ್ದು. ಗ್ರೈಂಡಿಂಗ್ ಆದಮೇಲೆ ಸರಿಯಾಗಿ ತೊಳೆಯದೆ ಕೂರಿಸಿದ್ದರು, ಅಷ್ಟೇ. ಸಾವಿರ ಕಿಲೋಮೀಟರ್ ಓಡಿಸಿದ್ದರೆ ಕ್ರ್ಯಾಂಕನ್ನೇ ತಿಂದುಹಾಕಿರುತ್ತಿತ್ತು.

ನಿಮ್ಮಲ್ಲಿ ಕಾರಣ ಬೇರೆಯೂ ಇರಬಹುದು. ಕ್ಯಾಪ್ ಹಿಂದುಮುಂದಾಗಿರಬಹುದು, ಒಂದರದ್ದು ಇನ್ನೊಂದಕ್ಕೆ ಹೋಗಿರಬಹುದು. ಗ್ರೈಂಡ್ ಮಾಡಿದವರು ಒಂದೆರಡು ಥೌ ಕಡಿಮೆ ತೆಗೆದಿರಬಹುದು. ಜರ್ನಲ್ಲಿನ ಮೂಲೆಯ ದುಂಡು ಜಾಸ್ತಿಯಾಗಿ ಶೆಲ್ಲಿನ ಅಂಚು ಅದರ ಮೇಲೆ ಹತ್ತಿ ಕೂತಿರಬಹುದು. ಆ ದುಂಡನ್ನು ಪೂರ್ತಿ ತೆಗೆಸಲೂಬೇಡಿ, ಚೂಪು ಮೂಲೆಯಿಂದಲೇ ಕ್ರ್ಯಾಂಕ್ ಬಿರುಕು ಬಿಡುವುದು. ಸೈಜ್ ನೋಡುವಾಗ ಡಬ್ಬಿಯ ಮೇಲಿನ ಅಂಕಿ ಸಾಲದು. ಶೆಲ್ಲಿನ ಬೆನ್ನಲ್ಲಿ 010 ಅಥವಾ 020 (ಹತ್ತು ಅಥವಾ ಇಪ್ಪತ್ತು ಥೌ ಗ್ರೈಂಡ್ ಮಾಡಿದ ಕ್ರ್ಯಾಂಕಿಗೆ) ಅಂತ ಒತ್ತಿರುತ್ತಾರೆ, ಅದನ್ನು ನೋಡಿ.

ಅಳೆಯಲು ಪ್ಲಾಸ್ಟಿಗೇಜ್ ಸಾಕು. ಮೇಣದ ದಾರದಂಥ ಹಸಿರು ಎಳೆ, ಒಂದರಿಂದ ಮೂರು ಥೌವರೆಗೆ ಅಳೆಯುತ್ತೆ. ಜರ್ನಲ್ಲಿನ ಎಣ್ಣೆ ಒರೆಸಿ, ಉದ್ದಕ್ಕೆ ಒಂದು ತುಂಡು ಇಡಿ. ಟಾರ್ಕ್ ರೆಂಚಿನಲ್ಲಿ ಮೇನ್ ಬೋಲ್ಟನ್ನು 65ರಿಂದ 75 ಅಡಿ-ಪೌಂಡಿಗೆ ಬಿಗಿದು ಮತ್ತೆ ಬಿಚ್ಚಿ. ನಡುವೆ ಕ್ರ್ಯಾಂಕ್ ಅಲ್ಲಾಡಿಸಬಾರದು. ಎಳೆ ಎಷ್ಟು ಅಗಲ ಚಪ್ಪಟೆಯಾಗಿದೆ ಅಂತ ಅದರ ಕವರಿನ ಗೆರೆಗೆ ಹೋಲಿಸಿ. ಅಗಲ ಹೆಚ್ಚಾದಷ್ಟೂ ಜಾಗ ಕಡಿಮೆ. ಒಂದು ತುದಿ ಅಗಲ, ಇನ್ನೊಂದು ಸಪೂರ ಇದ್ದರೆ ಜರ್ನಲ್ಲು ಓರೆಯಾಗಿ ಗ್ರೈಂಡ್ ಆಗಿದೆ ಅಂತ.

ಇನ್ನೊಂದು ಮಾತು. ಟೈಟ್ ಇದೆ ಅಂತ ಯಾರಾದರೂ ಶೆಲ್ಲಿಗೆ ಉಪ್ಪುಕಾಗದ ಹಿಡಿಯಲು ಬಂದರೆ, ಅಥವಾ ಶೆಲ್ಲಿನ ತುದಿ ಕೂದಲೆಳೆಯಷ್ಟು ಎದ್ದಿದೆ ಅಂತ ಅರ ತೆಗೆದರೆ ತಡೆಯಿರಿ. ಆ ಎತ್ತರ ಬೇಕಂತಲೇ ಬಿಟ್ಟಿರುವುದು. ಕ್ಯಾಪ್ ಬಿಗಿದಾಗ ಅದು ಒತ್ತಿಕೊಂಡು ಶೆಲ್ಲನ್ನು ಗೂಡಿನಲ್ಲಿ ಹಿಡಿದಿಡುತ್ತೆ. ಉಜ್ಜಿಬಿಟ್ಟರೆ ಶೆಲ್ಲೇ ಕ್ರ್ಯಾಂಕಿನ ಜೊತೆ ತಿರುಗುತ್ತೆ, ಎಣ್ಣೆಯ ತೂತು ಮುಚ್ಚಿಕೊಳ್ಳುತ್ತೆ.