ಮ್ಯೂಟ್ ಆದ ಮೈಕಿನ ಹಿಂದೆ ಏನಿತ್ತು?

ಇಂಗ್ಲಿಷ್ ಕಲಿಸುವ ಆ್ಯಪ್‌ಗಳಿವೆ, ಉಚ್ಚಾರಣೆಗೆ ಅಂಕ ಕೊಡುವ ಲ್ಯಾಬ್‌ಗಳಿವೆ, ಈಗ ಚಾಟ್‌ಬಾಟ್‌ಗಳೂ ಬಂದಿವೆ. ಆದರೂ ಕನ್ನಡ ಮಾಧ್ಯಮದಲ್ಲಿ ಓದಿ ಪದವಿಗೆ ಬಂದ ಮಕ್ಕಳು ಸಂದರ್ಶನದ ಮೊದಲ ಪ್ರಶ್ನೆಗೇ ತಡವರಿಸುತ್ತಾರೆ. ನೆಟ್ ಸರಿಯಿಲ್ಲ ಅನ್ನುವವರಿದ್ದಾರೆ, ಹುಡುಗರಿಗೆ ಆಸಕ್ತಿಯಿಲ್ಲ ಅನ್ನುವವರಿದ್ದಾರೆ. ನಿಜವಾದ ಗಂಟು ಮಾತ್ರ ಹಳೆಯದು: ತಪ್ಪಾದೀತೆಂಬ ಅಂಜಿಕೆ.

1960ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪ್ಲೇಟೊ ಎಂಬ ಕಂಪ್ಯೂಟರ್ ಬೋಧನೆ ಶುರುವಾದಂದಿನಿಂದ 2012ರಲ್ಲಿ ಭಾಷೆ ಕಲಿಸುವ ಡುಯೊಲಿಂಗೊ ಎಲ್ಲರಿಗೂ ತೆರೆದುಕೊಳ್ಳುವವರೆಗೆ, ಯಂತ್ರ ಹೆಚ್ಚಾಗಿ ನೋಡಿದ್ದು ಉತ್ತರ ಸರಿಯೋ ತಪ್ಪೋ ಅನ್ನುವುದನ್ನೇ. ಕಲಿಯುವವರ ಎದೆಬಡಿತವನ್ನು ಗಮನಿಸಿದವರು ಬೇರೆ. ಮನಸ್ಸು ಅಂಜಿದ್ದರೆ ಕಿವಿಗೆ ಬಿದ್ದ ಭಾಷೆ ಒಳಗಿಳಿಯುವುದಿಲ್ಲ ಎಂದು ಭಾಷಾ ಕಲಿಕೆಯ ಸಂಶೋಧಕ ಸ್ಟೀಫನ್ ಕ್ರಾಶೆನ್ ವಾದಿಸಿದರು. 1986ರಲ್ಲಿ ಎಲೇನ್ ಹಾರ್ವಿಟ್ಜ್ ಮತ್ತು ಸಂಗಡಿಗರು ಭಾಷಾ ತರಗತಿಯ ಅಂಜಿಕೆ ತನ್ನದೇ ಬಗೆಯದು ಎಂದು ಹೇಳಿ, ಅದನ್ನು ಅಳೆಯಲು 33 ಹೇಳಿಕೆಗಳ ಪಟ್ಟಿ ಮಾಡಿದರು. 2014ರಲ್ಲಿ ಡೆವಾಲ್ ಮತ್ತು ಮ್ಯಾಕಿಂಟೈರ್ ಎಂಬ ಸಂಶೋಧಕರು ಇನ್ನೊಂದು ಮಾತು ಸೇರಿಸಿದರು: ಭಾಷೆ ಕಲಿಯುವ ಖುಷಿ ಮತ್ತು ಅಂಜಿಕೆ ಒಬ್ಬರಲ್ಲೇ ಒಟ್ಟಿಗೆ ಇರಬಲ್ಲವು.

ಅಂಜಿಕೆ ಯೋಚನೆಗೆ ಹೇಗೆ ಅಡ್ಡ ಬರುತ್ತದೆ? ‘ನಾನು ನಿನ್ನೆ ಊರಿಗೆ ಹೋಗಿದ್ದೆ’ ಅನ್ನುವಲ್ಲಿ ಕ್ರಿಯಾಪದ ಕೊನೆಗೆ. ಇಂಗ್ಲಿಷಿಗೆ ಅದು ‘ಐ’ ಆದಮೇಲೇ ಬೇಕು. ವಾಕ್ಯವನ್ನು ತಲೆಯಲ್ಲೇ ಕಟ್ಟಿ, ಬಿಚ್ಚಿ, ಮತ್ತೆ ಜೋಡಿಸುವಷ್ಟರಲ್ಲಿ ‘ತಪ್ಪಾದರೆ ನಗುತ್ತಾರೆ’ ಎಂಬ ಯೋಚನೆಯೂ ಅಲ್ಲೇ ಬಂದು ಕೂರುತ್ತದೆ. ನೆನಪಿನಲ್ಲಿ ಅಷ್ಟೆಲ್ಲ ಒಟ್ಟಿಗೆ ಹಿಡಿಯುವುದಿಲ್ಲ. ಗೊತ್ತಿದ್ದ ಪದವೂ ಬಾಯಿಗೆ ಬರುವುದಿಲ್ಲ.

2020ರ ಮಾರ್ಚ್‌ನಲ್ಲಿ ಕಾಲೇಜು ಮುಚ್ಚಿದಾಗ ಇದನ್ನೆಲ್ಲ ಹತ್ತಿರದಿಂದ ಕಂಡೆ. ನನ್ನ ಆನ್‌ಲೈನ್ ಇಂಗ್ಲಿಷ್ ತರಗತಿಯಲ್ಲಿ ಪರದೆ ತುಂಬ ಕಪ್ಪು ಚೌಕಗಳು. ಹೆಸರು ಕರೆದರೆ ಚಾಟ್‌ನಲ್ಲಿ ‘ಮೈಕ್ ಸರಿಯಿಲ್ಲ ಮೇಡಂ’ ಎಂದು ಬರುತ್ತಿತ್ತು. ಕೆಲವರದು ನಿಜ. ಎಷ್ಟೋ ಮಂದಿಗೆ ಮೈಕ್ ಆನ್ ಮಾಡಿದರೆ ಮನೆಮಂದಿಗೂ ಕೇಳುತ್ತದೆ ಅನ್ನುವ ಸಂಕೋಚ. ತರಗತಿಯಲ್ಲಿ ಪಕ್ಕದವಳು ಪಿಸುಗುಟ್ಟಿ ಪದ ಹೇಳಿಕೊಡುತ್ತಿದ್ದಳು, ಇಲ್ಲಿ ಅವಳೂ ಇರಲಿಲ್ಲ.

ಕೊನೆಗೆ ಲೈವ್ ಮಾತು ಬಿಟ್ಟು ವಾಟ್ಸ್‌ಆ್ಯಪ್‌ನಲ್ಲಿ ವಾಯ್ಸ್ ನೋಟ್ ಕಳಿಸಿ ಅಂದೆ. ವಿಷಯ: ನಿಮ್ಮ ಮನೆಯ ಅಡುಗೆಮನೆ. ವರ್ಷವಿಡೀ ಬಾಯಿ ಬಿಡದಿದ್ದ ಒಬ್ಬಳು ರಾತ್ರಿ ಹನ್ನೊಂದಕ್ಕೆ ತಾರಸಿಯಿಂದ ಕಳಿಸಿದ್ದಳು. ಒಲೆ, ರೊಟ್ಟಿ ಹಂಚು, ಅಜ್ಜಿಯ ಬೈಗುಳ, ಎಲ್ಲವೂ ಅದರಲ್ಲಿತ್ತು. ವ್ಯಾಕರಣ ಅಲ್ಲಲ್ಲಿ ಕುಂಟುತ್ತಿತ್ತು, ಮಾತು ಮಾತ್ರ ನಿಲ್ಲಲಿಲ್ಲ. ಕೆಳಗೆ ಕನ್ನಡದಲ್ಲಿ, ‘ನಾಲ್ಕು ಸಲ ಅಳಿಸಿದೆ ಮೇಡಂ, ಇದು ಐದನೇದು.’

ಕಾಲೇಜು ತೆರೆದ ಮೇಲೆ ಮತ್ತೆ ಲ್ಯಾಬ್ ಬಂತು. ಅಲ್ಲಿ ಮೊದಲ ಸಲ ಹೇಳಿದ್ದಕ್ಕೇ ಅಂಕ ಬೀಳುತ್ತದೆ, ತಪ್ಪಿದ ಪದ ಕೆಂಪಾಗುತ್ತದೆ. ಚಾಟ್‌ಬಾಟ್ ಜತೆ ಮಾತಾಡಲು ನಾಚಿಕೆಯಾಗಲ್ಲ ಎಂದು ಈಗಿನ ಮಕ್ಕಳು ಹೇಳುತ್ತಾರೆ, ನನಗದು ಒಳ್ಳೆಯ ಸುದ್ದಿ. ಆ ನಾಲ್ಕು ಸಲ ಅಳಿಸಿದ್ದಕ್ಕೆ ನಮ್ಮ ಆಂತರಿಕ ಮೌಲ್ಯಮಾಪನದಲ್ಲಿ ಈಗಲೂ ಒಂದು ಕಾಲಂ ಇಲ್ಲ.